ಸಿಮ್ಯುಲೇಟರ್‌ನ ಇಕಾಲ್ ಅನ್ನು ಹೋಸ್ಟ್‌ಗೇ ದಾಟಿಸಿದೆ: ಪ್ರಿಂಟ್ ಎರಡೆರಡು ಸಲ ಬರುತ್ತಿದೆ, ಫೈಲ್ ಖಾಲಿ ಆಗಿದೆ

ಕೋಸಂಬರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಬಿಡುವು ಸಿಕ್ಕಾಗಲೆಲ್ಲ ಒಂದು ರಿಸ್ಕ್-ಫೈವ್ ಸಿಮ್ಯುಲೇಟರ್ ಬರೆಯುತ್ತಿದ್ದೇನೆ, ಅಂದರೆ ರಿಸ್ಕ್-ಫೈವ್ ಪ್ರೋಸೆಸರ್‌ನಂತೆ ನಟಿಸಿ ಅದರ ಪ್ರೋಗ್ರಾಂಗಳನ್ನು ಓಡಿಸುವ ಸಾಫ್ಟ್‌ವೇರ್. 64 ಬಿಟ್, ಸಿ ಭಾಷೆ, ಒಂದು ದೊಡ್ಡ ಸ್ವಿಚ್ ಕೇಸ್, ಅಷ್ಟೇ. ಓಡುವುದು ನನ್ನ ಮಾಮೂಲಿ ಲ್ಯಾಪ್‌ಟಾಪ್‌ನಲ್ಲಿ, ಎಕ್ಸ್86-64 ಲಿನಕ್ಸ್, ಅದೇ ಹೋಸ್ಟ್. ಕೂಡುವುದು, ಕಳೆಯುವುದು, ಲೋಡ್, ಸ್ಟೋರ್, ಬ್ರಾಂಚ್ ಎಲ್ಲ ಸರಿಯಾಗಿದೆ, ಟೆಸ್ಟ್‌ಗಳೂ ಪಾಸಾದವು.

ತಲೆನೋವು ಶುರುವಾಗಿದ್ದು ಸಿಸ್ಟಮ್ ಕಾಲ್‌ಗೆ, ಅಂದರೆ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್ ಹತ್ತಿರ ಕೆಲಸ ಕೇಳುವ ಜಾಗಕ್ಕೆ, ಬಂದಾಗ. ಒಳಗೆ ಓಡುವ ಪ್ರೋಗ್ರಾಂಗೆ (ಗೆಸ್ಟ್) ಆಪರೇಟಿಂಗ್ ಸಿಸ್ಟಮ್ ಇಲ್ಲ, ಅದನ್ನೂ ನಾನೇ ಬರೆಯುತ್ತಾ ಕೂತರೆ ಈ ಜನ್ಮದಲ್ಲಿ ಮುಗಿಯಲ್ಲ. ಹಾಗಾಗಿ ಪ್ರೋಗ್ರಾಂ ಇಕಾಲ್ (ಸಿಸ್ಟಮ್ ಕಾಲ್ ಮಾಡುವ ಇನ್‌ಸ್ಟ್ರಕ್ಷನ್) ಹೊಡೆದಾಗ ಎ7 ರಿಜಿಸ್ಟರ್‌ನಲ್ಲಿರುವ ಕಾಲ್ ನಂಬರ್, ಎ0ಯಿಂದ ಎ5ರವರೆಗಿನ ಆರ್ಗ್ಯುಮೆಂಟ್ ತೆಗೆದು ಹೋಸ್ಟ್‌ನ ಸಿಸ್ಟಮ್ ಕಾಲ್‌ಗೇ ಕೊಟ್ಟುಬಿಟ್ಟೆ. ಓಪನ್, ರೀಡ್, ರೈಟ್, ಎಕ್ಸಿಟ್ ಈ ನಾಲ್ಕಕ್ಕೆ ಮಾತ್ರ ಬೇರೆ ಕೇಸ್ ಬರೆದೆ, ಹೆಚ್ಚು ಮೆಮೊರಿ ಕೇಳುವ ಬಿಆರ್‌ಕೆಗೆ ನನ್ನದೇ ಒಂದು ಹೀಪ್ ಪಾಯಿಂಟರ್ ಇಟ್ಟೆ. ಉಳಿದದ್ದೆಲ್ಲ ಹಾಗೇ ನೇರ ದಾಟಿಸಿದ್ದೇನೆ. ಪ್ರೋಗ್ರಾಂಗಳನ್ನು ನ್ಯೂಲಿಬ್ ಅನ್ನುವ ಪುಟ್ಟ ಸಿ ಲೈಬ್ರರಿ ಇರುವ ಬೇರ್-ಮೆಟಲ್ (ಆಪರೇಟಿಂಗ್ ಸಿಸ್ಟಮ್ ಇಲ್ಲದ ಯಂತ್ರದ) ಜಿಸಿಸಿ ಕಂಪೈಲರ್‌ನಿಂದ ಕಂಪೈಲ್ ಮಾಡುತ್ತೇನೆ.

ಈಗ ಆಗುತ್ತಿರುವುದು ಹೀಗೆ. ಪ್ರಿಂಟ್‌ಎಫ್ ಮಾಡಿದ್ದು ತಕ್ಷಣ ಬರಲ್ಲ, ಪ್ರೋಗ್ರಾಂ ಮುಗಿಯುವಾಗ ಎಲ್ಲ ಒಟ್ಟಿಗೆ ಬರುತ್ತದೆ. ನಿನ್ನೆ ಒಂದು ಫೈಲ್ ತೆರೆದು, ಒಂದು ಸಾಲು ಬರೆದು, ಎಫ್‌ಕ್ಲೋಸ್ ಮಾಡಿದೆ, ಆವಾಗಿಂದ ಪ್ರತಿ ಸಾಲೂ ಎರಡೆರಡು ಸಲ ಬರುತ್ತಿದೆ, ಫೈಲ್ ತೆರೆಯುವ ಮುಂಚೆ ಪ್ರಿಂಟ್ ಮಾಡಿದ್ದ ಸಾಲು ಕೂಡ! ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಆ ಫೈಲ್ ತೆರೆದಿದ್ದು "ಎ" ಮೋಡ್‌ನಲ್ಲಿ, ಅಂದರೆ ಕೊನೆಗೆ ಸೇರಿಸು ಅಂತ. ಅದರಲ್ಲಿ ಮೂರು ವಾರದಿಂದ ಬರೆದಿಟ್ಟುಕೊಂಡಿದ್ದ ಓಟದ ಲೆಕ್ಕಗಳಿದ್ದವು. ಈಗ ನೋಡಿದರೆ ಒಂದೇ ಒಂದು ಸಾಲು, ನಿನ್ನೆ ಬರೆದದ್ದು. ಬ್ಯಾಕಪ್ ಇಲ್ಲ, ಬೈಯಬೇಡಿ, ಮನೆಯಲ್ಲಿ ಅಕ್ಕ ಆಗಲೇ ಬೈದಾಯ್ತು.

ಹೀಗೆ ನೇರ ದಾಟಿಸುವ ಐಡಿಯಾನೇ ತಪ್ಪಾ, ಅಥವಾ ನನ್ನ ಕೋಡ್‌ನಲ್ಲಿ ಬಗ್ ಇದೆಯಾ?

—

ಹಳೇ_ಟರ್ಮಿನಲ್ ಬರೆದದ್ದು:

ಐಡಿಯಾ ತಪ್ಪಲ್ಲ. ಬೇರೆ ಸಿಮ್ಯುಲೇಟರ್‌ಗಳನ್ನು ನೋಡಿ, ಕ್ಯೂಎಮುವಿನ ಯೂಸರ್ ಮೋಡ್ ಮಾಡುವುದು ಇದನ್ನೇ, ಜೆಮ್5ರ ಎಸ್‌ಇ ಮೋಡ್ ಇದನ್ನೇ, ಸ್ಪೈಕ್ ಜೊತೆ ಬಳಸುವ ಪ್ರಾಕ್ಸಿ ಕರ್ನಲ್ ಕೂಡ ಫೈಲ್ ಕೆಲಸಗಳನ್ನೆಲ್ಲ ಹೋಸ್ಟ್‌ಗೇ ಸಾಗಹಾಕುತ್ತದೆ. ಆದರೆ ಅವರು ಯಾರೂ ನಂಬರನ್ನು ಹಾಗೇ ದಾಟಿಸುವುದಿಲ್ಲ. ನೀವು ಹೇಳಿದ ಮೂರೂ ತೊಂದರೆಗೆ ಕಾರಣ ಒಂದೇ ಜಾತಿಯದು, ನೋಡಿ ಮಜಾ ಇದೆ.

ಮೊದಲು ಎರಡೆರಡು ಸಲ ಬರುವುದು. ರಿಸ್ಕ್-ಫೈವ್‌ನಲ್ಲಿ ಕ್ಲೋಸ್‌ನ ನಂಬರ್ 57. ಎಕ್ಸ್86-64 ಲಿನಕ್ಸ್‌ನಲ್ಲಿ 57 ಅಂದರೆ ಫೋರ್ಕ್. ಅಂದರೆ ನಿಮ್ಮ ಪ್ರೋಗ್ರಾಂ "ಈ ಫೈಲ್ ಮುಚ್ಚು" ಅಂದಾಗ ಹೋಸ್ಟ್ ನಿಮ್ಮ ಇಡೀ ಸಿಮ್ಯುಲೇಟರನ್ನೇ ಎರಡು ಮಾಡಿತು. ಒಂದು ಅಪ್ಪ, ಒಂದು ಮಗು, ಇಬ್ಬರೂ ಅದೇ ಪ್ರೋಗ್ರಾಂ ಮುಂದುವರಿಸಿದರು. ನ್ಯೂಲಿಬ್‌ನ ಬಫರ್‌ನಲ್ಲಿ ಇನ್ನೂ ಹೊರಗೆ ಹೋಗದೆ ಕೂತಿದ್ದ ಸಾಲುಗಳೂ ಎರಡು ಪ್ರತಿ ಆದವು, ಅದಕ್ಕೇ ಫೈಲ್ ತೆರೆಯುವ ಮುಂಚಿನ ಸಾಲು ಕೂಡ ಎರಡು ಸಲ ಬಂತು. ಫೈಲ್‌ನಲ್ಲಿ ಮಾತ್ರ ಒಂದೇ ಸಾಲು ಯಾಕೆ ಅಂದರೆ ಎಫ್‌ಕ್ಲೋಸ್ ಮೊದಲು ಬಫರ್ ಖಾಲಿ ಮಾಡಿ ಆಮೇಲೆ ಕ್ಲೋಸ್ ಕರೆಯುತ್ತದೆ.

ಎರಡನೆಯದು, ತಡವಾಗಿ ಬರುವ ಪ್ರಿಂಟ್. ಮೊದಲ ಸಲ ಪ್ರಿಂಟ್‌ಎಫ್ ಮಾಡಿದಾಗ ನ್ಯೂಲಿಬ್ ಎಫ್‌ಸ್ಟಾಟ್ ಕರೆದು ಇದು ಟರ್ಮಿನಲ್ಲಾ ಅಥವಾ ಫೈಲಾ ಅಂತ ಕೇಳುತ್ತದೆ. ಟರ್ಮಿನಲ್ ಆದರೆ ಸಾಲು ಸಾಲಾಗಿ ಬಿಡುತ್ತದೆ, ಇಲ್ಲದಿದ್ದರೆ ಬಫರ್ ತುಂಬುವವರೆಗೆ ಕಾಯುತ್ತದೆ. ಎಫ್‌ಸ್ಟಾಟ್‌ನ ನಂಬರ್ 80, ಹೋಸ್ಟ್‌ನಲ್ಲಿ 80 ಅಂದರೆ ಡೈರೆಕ್ಟರಿ ಬದಲಿಸುವ ಕಾಲ್. "1 ಅನ್ನುವ ವಿಳಾಸದಲ್ಲಿರುವ ಹೆಸರಿನ ಡೈರೆಕ್ಟರಿಗೆ ಹೋಗು" ಅಂತ ಕೇಳಿದ ಹಾಗಾಯ್ತು, ಅದು ಎರರ್ ಕೊಟ್ಟಿತು, ನ್ಯೂಲಿಬ್ ಟರ್ಮಿನಲ್ ಅಲ್ಲ ಅಂದುಕೊಂಡಿತು.

ಇನ್ನೊಂದು ನೀವು ನೋಡಿಯೇ ಇಲ್ಲ, ಪುಣ್ಯ. ಎಲ್‌ಸೀಕ್ 62, ಹೋಸ್ಟ್‌ನಲ್ಲಿ 62 ಅಂದರೆ ಕಿಲ್, ಒಂದು ಪ್ರೋಸೆಸ್‌ಗೆ ಸಿಗ್ನಲ್ ಕಳಿಸುವ ಕಾಲ್. "ಎ" ಮೋಡ್‌ನಲ್ಲಿ ತೆರೆದಾಗ ನ್ಯೂಲಿಬ್ ಫೈಲ್‌ನ ಕೊನೆಗೆ ಹೋಗಲು ಎಲ್‌ಸೀಕ್ ಮಾಡುತ್ತದೆ, ಅಂದರೆ ನಿನ್ನೆ ನೀವು ಪ್ರೋಸೆಸ್ ನಂಬರ್ 3ಕ್ಕೆ ಸಿಗ್ನಲ್ 0 ಕಳಿಸಿದ್ದೀರಿ. 0 ಆದ್ದರಿಂದ ಏನೂ ಆಗಲಿಲ್ಲ. ಸ್ಟ್ಯಾಂಡರ್ಡ್ ಇನ್‌ಪುಟ್ ಮೇಲೆ ಆಫ್‌ಸೆಟ್ 9 ಅಂತ ಎಲ್‌ಸೀಕ್ ಮಾಡಿದ್ದರೆ ಅದು ಕಿಲ್ 0, 9 ಆಗಿ ನಿಮ್ಮ ಸಿಮ್ಯುಲೇಟರ್ ತನ್ನ ಪ್ರೋಸೆಸ್ ಗ್ರೂಪ್ ಸಮೇತ ನೆಗೆದುಬೀಳುತ್ತಿತ್ತು.

ಇನ್ನು ಫೈಲ್ ಖಾಲಿ ಆಗಿದ್ದು. ಓಪನ್‌ಗೆ ನೀವೇ ಕೇಸ್ ಬರೆದಿದ್ದೀರಿ, ನಂಬರ್ ಸರಿ ಇದೆ, ಪಾಯಿಂಟರ್ ಸರಿ ಇದೆ. ಫ್ಲ್ಯಾಗ್? ಅದನ್ನು ಹಾಗೇ ಬಿಟ್ಟಿದ್ದೀರಿ ಅನ್ನಿಸುತ್ತದೆ. ನ್ಯೂಲಿಬ್‌ನಲ್ಲಿ "ಇಲ್ಲದಿದ್ದರೆ ಹೊಸದು ಮಾಡು" ಅನ್ನುವ ಫ್ಲ್ಯಾಗ್ ಹೆಕ್ಸ್ 200. ನಿಮ್ಮ ಲಿನಕ್ಸ್‌ನಲ್ಲಿ ಅದೇ ಹೆಕ್ಸ್ 200 ಅಂದರೆ "ಇದ್ದದ್ದನ್ನು ಅಳಿಸಿ ಖಾಲಿ ಮಾಡು". ನ್ಯೂಲಿಬ್‌ನಲ್ಲಿ ಕೊನೆಗೆ ಸೇರಿಸು ಅನ್ನುವುದು ಹೆಕ್ಸ್ 8, ಲಿನಕ್ಸ್‌ನಲ್ಲಿ ಆ ಬಿಟ್‌ಗೆ ಅರ್ಥವೇ ಇಲ್ಲ, ಸುಮ್ನೆ ಬಿಟ್ಟುಬಿಡುತ್ತದೆ. ಹಾಗಾಗಿ "ಎ" ಮೋಡ್‌ನ ಹೆಕ್ಸ್ 209 ಹೋಸ್ಟ್ ಕಿವಿಗೆ "ಬರೆಯಲು ತೆರೆ, ಮೊದಲು ಖಾಲಿ ಮಾಡು" ಅಂತ ಕೇಳಿಸಿತು. ಇಲ್ಲದ ಫೈಲ್‌ನ ಹೆಸರು ಕೊಟ್ಟು ಒಮ್ಮೆ ನೋಡಿ, ಹೊಸದು ಮಾಡುವುದೇ ಇಲ್ಲ, ಎರರ್ 2 ಬರುತ್ತದೆ.

ಮೂರು ವಾರದ ಲೆಕ್ಕಕ್ಕೆ ನನ್ನ ಸಂತಾಪ.

—

ಬಯಲುಸೀಮೆ ಬರೆದದ್ದು:

ಮೇಲಿನವರು ಹೇಳಿದ್ದು ಸರಿ. ನನ್ನದೊಂದು ಸೇರಿಸುತ್ತೇನೆ: ಕೊನೆಯಲ್ಲಿರುವ "ಉಳಿದದ್ದೆಲ್ಲ ಹೋಸ್ಟ್‌ಗೆ" ಅನ್ನುವ ಡಿಫಾಲ್ಟ್ ಸಾಲನ್ನು ಇವತ್ತೇ ಕಿತ್ತುಹಾಕಿ. ಡಿಫಾಲ್ಟ್ ಯಾವಾಗಲೂ "ಈ ಕಾಲ್ ನನ್ನಲ್ಲಿಲ್ಲ" ಅನ್ನುವ ಎರರ್ ಆಗಿರಬೇಕು, ಜೊತೆಗೆ ಯಾವ ನಂಬರ್ ಬಂತು ಅಂತ ಸ್ಕ್ರೀನ್ ಮೇಲೆ ಒಂದು ಸಾಲು. ಆ ಎರರ್ ನಂಬರ್ ಕೂಡ ಗೆಸ್ಟ್‌ನ ಲೆಕ್ಕದ್ದೇ ಆಗಿರಲಿ. ಲಿನಕ್ಸ್‌ನಲ್ಲಿ ಅದು 38, ನ್ಯೂಲಿಬ್‌ನಲ್ಲಿ 88. ಹಾಗೆಯೇ ಸಿ ಲೈಬ್ರರಿಯ ಫಂಕ್ಷನ್ ಕರೆದರೆ ನಿಮಗೆ ಸಿಗುವುದು -1, ಎರರ್ ನಂಬರ್ ಬೇರೆ ಕಡೆ ಇರುತ್ತದೆ. ಗೆಸ್ಟ್‌ಗೆ ಎ0ಯಲ್ಲಿ ಬೇಕಾದ್ದು ಮೈನಸ್ ಹಾಕಿದ ಎರರ್ ನಂಬರ್. -1 ಅಂತಲೇ ಕೊಟ್ಟರೆ ಅದು "ಅನುಮತಿ ಇಲ್ಲ" ಅಂತ ಓದಿಕೊಳ್ಳುತ್ತದೆ, ಯಾಕಂದ್ರೆ ಎರರ್ 1 ಅದೇ. ಒಮ್ಮೆ ಇದೊಂದರ ಹಿಂದೆ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ, ಫೈಲ್ ಪರ್ಮಿಷನ್ ಬದಲಿಸಿದ್ದೇ ಬದಲಿಸಿದ್ದು.

ಕಾಲೇಜಿನಲ್ಲಿ ಎಸ್‌ಪಿಐಎಂ ಮುಟ್ಟಿದವರಿಗೆ ಇದೆಲ್ಲ ಹೊಸದು ಅನ್ನಿಸಬಹುದು, ಯಾಕಂದ್ರೆ ಅಲ್ಲಿ ಆ ಎಂಐಪಿಎಸ್ ಸಿಮ್ಯುಲೇಟರ್‌ನವರು ಜಾಣತನ ಮಾಡಿ ತಮ್ಮದೇ ಪುಟ್ಟ ಪಟ್ಟಿ ಇಟ್ಟುಕೊಂಡಿದ್ದರು. 1 ಅಂದರೆ ನಂಬರ್ ಪ್ರಿಂಟ್ ಮಾಡು, 4 ಅಂದರೆ ಸ್ಟ್ರಿಂಗ್, 10 ಅಂದರೆ ಮುಗಿಸು. ಯಾವ ನಿಜವಾದ ಓಎಸ್‌ನ ಜೊತೆಗೂ ಹೋಲಿಕೆ ಇಲ್ಲ, ಗೊಂದಲವೂ ಇಲ್ಲ.

—

ಕೋಸಂಬರಿ ಬರೆದದ್ದು:

ಸರ್, ಫೋರ್ಕ್ ಅಂತ ಓದಿ ನಗು ತಡೆಯಲಾಗಲಿಲ್ಲ, ಆಮೇಲೆ ಕಿಲ್ ಅಂತ ಓದಿ ನಗು ನಿಂತಿತು.

ರಾತ್ರಿ ಕೂತು ಡಿಫಾಲ್ಟ್ ಕಿತ್ತೆ. ಕ್ಲೋಸ್, ಎಲ್‌ಸೀಕ್, ಎಫ್‌ಸ್ಟಾಟ್‌ಗೆ ಕೇಸ್ ಬರೆದೆ. ಓಪನ್ ಫ್ಲ್ಯಾಗ್‌ಗಳನ್ನು ಒಂದೊಂದೇ ಬಿಟ್ ನೋಡಿ ಬದಲಿಸಿದೆ. ಎರಡು ಸಲ ಬರುವುದು ನಿಂತಿದೆ, "ಎ" ಮೋಡ್ ಸರಿಯಾಗಿದೆ.

ಆದರೆ ಎಫ್‌ಸ್ಟಾಟ್ ಸೇರಿಸಿದ ಮೇಲೆ ಹೊಸ ಕಾಟ. ಮೊದಲ ಪ್ರಿಂಟ್‌ಎಫ್‌ನಲ್ಲೇ ಪ್ರೋಗ್ರಾಂ ಕೌಂಟರ್ (ಮುಂದಿನ ಇನ್‌ಸ್ಟ್ರಕ್ಷನ್‌ನ ವಿಳಾಸ) 0 ಆಗಿ ಸಾಯುತ್ತದೆ. ನಾನು ಮಾಡಿದ್ದಿಷ್ಟೇ: ಎ1ರಲ್ಲಿ ಬಂದ ವಿಳಾಸಕ್ಕೆ ನನ್ನ ಮೆಮೊರಿ ಅರೇಯ ಬುಡ ಕೂಡಿಸಿ, ಆ ಪಾಯಿಂಟರನ್ನು ಹೋಸ್ಟ್‌ನ ಎಫ್‌ಸ್ಟಾಟ್‌ಗೆ ಕೊಟ್ಟೆ. ಫೈಲ್ ಸೈಜ್ ಪ್ರಿಂಟ್ ಮಾಡಿಸಿ ನೋಡಿದೆ, ಸರಿಯಾಗೇ ಬರುತ್ತಿದೆ. ಹಾಗಾದರೆ ತಪ್ಪೆಲ್ಲಿ?

—

ಹಳೇ_ಟರ್ಮಿನಲ್ ಬರೆದದ್ದು:

ಸೈಜ್ ಸರಿ ಬಂದಿದ್ದೇ ನಿಮ್ಮನ್ನು ದಾರಿ ತಪ್ಪಿಸಿದ್ದು.

ಎಕ್ಸ್86-64ರಲ್ಲಿ ಎಫ್‌ಸ್ಟಾಟ್ ತುಂಬಿಸುವ ಸ್ಟಾಟ್ ಸ್ಟ್ರಕ್ಚರ್ (ಫೈಲ್‌ನ ವಿವರಗಳ ಕಟ್ಟು) 144 ಬೈಟ್. ಗೆಸ್ಟ್ ಕಾಯುತ್ತಿರುವುದು 128 ಬೈಟ್‌ನದಕ್ಕೆ. ನ್ಯೂಲಿಬ್‌ನ ಎಫ್‌ಸ್ಟಾಟ್ ಆ 128 ಬೈಟ್ ಜಾಗವನ್ನು ತನ್ನ ಸ್ಟ್ಯಾಕ್ ಮೇಲೆ ಇಟ್ಟುಕೊಂಡಿರುತ್ತದೆ. ಹೋಸ್ಟ್ ಕರ್ನಲ್ ಬಂದು 144 ಬರೆದು ಹೋಯಿತು. ಹೆಚ್ಚಾದ 16 ಬೈಟ್ ಪಕ್ಕದ ಮನೆಗೆ ನುಗ್ಗಿತು, ಅಲ್ಲಿ ಹಿಂತಿರುಗುವ ವಿಳಾಸ ಇದ್ದಿರಬೇಕು. ಆ ಸ್ಟ್ರಕ್ಚರ್‌ನ ಬಾಲದಲ್ಲಿ ಖಾಲಿ ಬಿಟ್ಟ ಜಾಗವಿದೆ, ಕರ್ನಲ್ ಅಲ್ಲಿ ಸೊನ್ನೆ ತುಂಬುತ್ತದೆ. ಅದಕ್ಕೇ ನಿಮ್ಮ ಕೌಂಟರ್ ಬೇರೆ ಯಾವುದೋ ಕಸಕ್ಕೆ ಹೋಗದೆ ನೀಟಾಗಿ 0ಗೆ ಹೋಗಿದೆ.

ಫೀಲ್ಡ್‌ಗಳ ಜಾಗವೂ ಬೇರೆ ಬೇರೆ. ಗೆಸ್ಟ್‌ನಲ್ಲಿ 16ನೇ ಬೈಟ್‌ನಲ್ಲಿ ಫೈಲ್ ಎಂಥದ್ದು ಅನ್ನುವ ಮೋಡ್ ಇದೆ. ಹೋಸ್ಟ್‌ನಲ್ಲಿ ಅದೇ 16ರಲ್ಲಿ ಲಿಂಕ್‌ಗಳ ಎಣಿಕೆ ಇದೆ, ಮೋಡ್ 24ರಲ್ಲಿ. ಟರ್ಮಿನಲ್‌ಗೆ ಲಿಂಕ್ ಎಣಿಕೆ 1, ಗೆಸ್ಟ್ ಅದನ್ನೇ ಮೋಡ್ ಅಂತ ಓದುತ್ತದೆ, ಟರ್ಮಿನಲ್ ಅಲ್ಲ ಅನ್ನುತ್ತದೆ. ಕ್ರ್ಯಾಶ್ ಆಗದಿದ್ದರೂ ನಿಮ್ಮ ಪ್ರಿಂಟ್ ತಡವಾಗೇ ಬರುತ್ತಿತ್ತು. ಸೈಜ್ ಮಾತ್ರ ಎರಡರಲ್ಲೂ 48ನೇ ಬೈಟ್‌ನಲ್ಲಿದೆ, ಕಾಕತಾಳೀಯ, ಅದನ್ನೇ ನೀವು ಚೆಕ್ ಮಾಡಿದ್ದೀರಿ.

ಹೋಸ್ಟ್‌ನ ಸ್ಟಾಟನ್ನು ನಿಮ್ಮದೇ ಒಂದು ವೇರಿಯಬಲ್‌ಗೆ ತುಂಬಿಸಿಕೊಳ್ಳಿ. ಆಮೇಲೆ ಒಂದೊಂದು ಫೀಲ್ಡನ್ನೂ ಗೆಸ್ಟ್‌ನ ಆಫ್‌ಸೆಟ್‌ಗೆ ಬರೆಯಿರಿ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ. ಗೆಸ್ಟ್ ಮೆಮೊರಿಗೆ ಹೋಸ್ಟ್ ಕರ್ನಲ್ ನೇರ ಕೈ ಹಾಕುವುದು ರೀಡ್, ರೈಟ್‌ನಲ್ಲಿ ಮಾತ್ರ ಇರಲಿ, ಅದೂ ಉದ್ದ ನಿಮ್ಮ ಅರೇಯ ಒಳಗೇ ಇದೆಯಾ ಅಂತ ನೋಡಿದ ಮೇಲೆ. ಬರೇ ಶುರುವಿನ ವಿಳಾಸ ನೋಡಿದರೆ ಸಾಲದು.

ಎರಡೂ ಲಿಟಲ್ ಎಂಡಿಯನ್ (ಸಂಖ್ಯೆಯ ಚಿಕ್ಕ ಸ್ಥಾನದ ಬೈಟ್ ಮೊದಲು) ಅನ್ನುವುದು ನಿಮ್ಮ ಅದೃಷ್ಟ. ನಾನು ಹಿಂದೆ ಒಂದು ಬಿಗ್ ಎಂಡಿಯನ್ ಪವರ್‌ಪಿಸಿಗೆ ಇದನ್ನೇ ಮಾಡಿದ್ದೆ, ಪ್ರತಿ ಫೀಲ್ಡ್‌ನಲ್ಲೂ ಬೈಟ್ ತಿರುಗಿಸಿ ತಿರುಗಿಸಿ ಕೈ ನೋವು ಬಂತು.

—

ನಿಂಬೆಹುಳಿ ಬರೆದದ್ದು:

ಯಾರೂ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ಗೆ ಸಿಗುವ ನಂಬರ್) ವಿಷಯ ಎತ್ತಲಿಲ್ಲವಲ್ಲ. ಗೆಸ್ಟ್‌ನ 3 ಮತ್ತು ಹೋಸ್ಟ್‌ನ 3 ಒಂದೇ ಅಂತ ಬಿಟ್ಟಿದ್ದೀರಾ?

ನನಗಾದದ್ದು ಹೇಳುತ್ತೇನೆ. ಹಿಂದಿನ ಕೆಲಸದಲ್ಲಿ ನಮ್ಮದೊಂದು ಸಿಮ್ಯುಲೇಟರ್ ಇತ್ತು, ಪ್ರತಿ ಇನ್‌ಸ್ಟ್ರಕ್ಷನ್ ಅನ್ನೂ ಒಂದು ಟ್ರೇಸ್ ಫೈಲ್‌ಗೆ ಬರೆಯುತ್ತಿತ್ತು. ಆ ಟ್ರೇಸ್ ಮೊದಲು ತೆರೆದಿದ್ದರಿಂದ ಅದಕ್ಕೆ ಸಿಕ್ಕಿದ್ದು 3. ಒಳಗೆ ಓಡಿಸಿದ ಒಂದು ಪ್ರೋಗ್ರಾಂಗೆ ಶುರುವಿನಲ್ಲೇ 3ರಿಂದ ಮೇಲಿರುವುದನ್ನೆಲ್ಲ ಮುಚ್ಚುವ ಚಾಳಿ, ಹಿನ್ನೆಲೆಯಲ್ಲಿ ಓಡುವ ಡೀಮನ್‌ಗಳು ಹಾಗೇ ಮಾಡುತ್ತವಲ್ಲ. ಅದು ನಮ್ಮ ಟ್ರೇಸನ್ನು ಮುಚ್ಚಿತು. ಆಮೇಲೆ ಅದು ತನ್ನ ಡೇಟಾ ಫೈಲ್ ತೆರೆಯಿತು, ಹೋಸ್ಟ್ ಅದಕ್ಕೆ ಕೊಟ್ಟಿದ್ದು ಖಾಲಿ ಇದ್ದ 3. ಟ್ರೇಸ್ ಎಲ್ಲ ಹೋಗಿ ಆ ಡೇಟಾ ಫೈಲ್ ಒಳಗೆ ಕೂತಿತು. ಎರಡು ದಿನ ಎಲ್ಲರೂ ಸಿಪಿಯು ಮಾಡೆಲ್‌ನಲ್ಲೇ ಬಗ್ ಹುಡುಕುತ್ತಿದ್ದೆವು. ಅಷ್ಟಕ್ಕೂ ಬೇಕಿದ್ದದ್ದು ಒಂದು ಪುಟ್ಟ ಅರೇ, ಗೆಸ್ಟ್ ನಂಬರ್‌ನಿಂದ ಹೋಸ್ಟ್ ನಂಬರ್‌ಗೆ. ಗೆಸ್ಟ್ 1 ಮುಚ್ಚಿದರೂ ನಿಮ್ಮ ಸ್ಟ್ಯಾಂಡರ್ಡ್ ಔಟ್‌ಪುಟ್ ಮುಚ್ಚಬಾರದು, ಅರೇಯಲ್ಲಿ ಗುರುತು ಅಳಿಸಿದರೆ ಸಾಕು.

ಇನ್ನು ಯಾರೋ ಕೊಟ್ಟ ಬೈನರಿ ಓಡಿಸುತ್ತೀರಿ ಅಂದರೆ ಇದು ಇನ್ನೂ ದೊಡ್ಡ ವಿಷಯ. ಸಿಮ್ಯುಲೇಟರ್ ಒಳಗಿದೆ, ಹೊರಗೆ ಏನೂ ಮಾಡಲಾರದು ಅಂತ ಜನ ನಂಬುತ್ತಾರೆ. ಓಪನ್ ದಾಟಿಸಿದ ಕ್ಷಣ ಆ ಗೋಡೆ ಇಲ್ಲ. ಕ್ಯೂಎಮುವಿನ ಕೈಪಿಡಿಯಲ್ಲೇ ಸೆಮಿಹೋಸ್ಟಿಂಗ್ (ಗೆಸ್ಟ್ ಕೇಳಿದ ಕೆಲಸವನ್ನು ಹೋಸ್ಟ್‌ನಿಂದ ಮಾಡಿಸುವುದು) ಬಗ್ಗೆ ಎಚ್ಚರಿಕೆ ಇದೆ, ಗೆಸ್ಟ್‌ಗೆ ಹೋಸ್ಟ್‌ನ ಫೈಲ್‌ಗಳು ನೇರ ಸಿಗುತ್ತವೆ, ನಂಬಿಕೆ ಇರುವ ಗೆಸ್ಟ್‌ಗೆ ಮಾತ್ರ ಬಳಸಿ ಅಂತ. ಪಾತ್‌ನಲ್ಲಿ ಮೇಲಿನ ಡೈರೆಕ್ಟರಿಗೆ ಹತ್ತುವ ಎರಡು ಚುಕ್ಕೆ ಇದೆಯಾ ಅಂತ ಹುಡುಕಿ ತಡೆಯುತ್ತೇನೆ ಅನ್ನಬೇಡಿ, ಸಿಂಬಾಲಿಕ್ ಲಿಂಕ್ ಅದನ್ನು ಸುತ್ತಿಹಾಕಿ ಹೋಗುತ್ತದೆ. 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಓಪನ್‌ಎಟ್2 ಅನ್ನುವ ಕಾಲ್ ಇದೆ, ಒಂದು ಡೈರೆಕ್ಟರಿ ಕೊಟ್ಟು ಇದರ ಕೆಳಗೇ ಇರಬೇಕು, ಮೇಲೆ ಹತ್ತಬಾರದು ಅಂತ ಕರ್ನಲ್‌ಗೇ ಹೇಳಬಹುದು. ಅದನ್ನೇ ಬಳಸಿ.

—

ಬಯಲುಸೀಮೆ ಬರೆದದ್ದು:

ಡಿಸ್ಕ್ರಿಪ್ಟರ್ ಅರೇ ಒಪ್ಪಿದೆ. ಪಾತ್ ಕಾವಲು ಅತಿ ಆಯ್ತು ಅನ್ನಿಸುತ್ತದೆ ಮೇಡಂ. ಅವರು ಓಡಿಸುತ್ತಿರುವುದು ತಾವೇ ಬರೆದ ಪ್ರೋಗ್ರಾಂ. ಕಾಂಪೌಂಡ್ ಗೋಡೆ ಕಟ್ಟುವ ಮುಂಚೆ ಮನೆ ಮುಗಿಯಲಿ.

ನನಗೆ ಜಾಸ್ತಿ ಕಾಣುವುದು ಸಮಯದ ತೊಂದರೆ. ಗೆಸ್ಟ್ ಗಂಟೆ ಎಷ್ಟು ಅಂತ ಕೇಳಿದಾಗ ಹೋಸ್ಟ್‌ನ ಗಡಿಯಾರ ತೋರಿಸಿದರೆ, ಡ್ರೈಸ್ಟೋನ್ ಅನ್ನುವ ವೇಗ ಅಳೆಯುವ ಪ್ರೋಗ್ರಾಂ ಓಡಿಸಿದಾಗ ನೀವು ಅಳೆಯುವುದು ನಿಮ್ಮ ಸಿಮ್ಯುಲೇಟರ್‌ನ ನಿಧಾನವನ್ನು, ರಿಸ್ಕ್-ಫೈವ್ ಪ್ರೋಗ್ರಾಂನದ್ದಲ್ಲ. ಜೊತೆಗೆ ಬ್ರೌಸರ್ ತೆರೆದಿದ್ದರೆ ಒಂದು ಉತ್ತರ, ಮುಚ್ಚಿದ್ದರೆ ಇನ್ನೊಂದು. ಇವತ್ತು ಬಂದ ಬಗ್ ನಾಳೆ ಬರಲ್ಲ. ಇನ್‌ಸ್ಟ್ರಕ್ಷನ್ ಎಣಿಕೆಯಿಂದಲೇ ಗಂಟೆ ಲೆಕ್ಕ ಹಾಕಿ ಕೊಡಿ, ಒಂದಕ್ಕೆ ಒಂದು ನ್ಯಾನೊಸೆಕೆಂಡ್ ಅಂತ ಇಟ್ಟುಕೊಂಡರೂ ನಡೆಯುತ್ತದೆ. ಸಿಂಪಲ್‌ಸ್ಕೇಲರ್ ಅನ್ನುವ ಹಳೇ ಸಿಮ್ಯುಲೇಟರ್ ಕಾಲದವರು ಇದಕ್ಕೆ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಒಂದು ಸಲ ಓಡಿದಾಗ ಹೊರಗಿನಿಂದ ಬಂದದ್ದನ್ನೆಲ್ಲ ಒಂದು ಟ್ರೇಸ್‌ಗೆ ಬರೆದಿಟ್ಟು, ಮುಂದಿನ ಸಲ ಹೋಸ್ಟನ್ನು ಮುಟ್ಟದೆ ಅದರಿಂದಲೇ ಓದಿಸುತ್ತಿದ್ದರು.

ಇನ್ನೊಂದು ಮಾತು, ಈ ಮೋಡ್‌ನಲ್ಲಿ ಬಂದ ಅಂಕಿ ನೋಡಿ ಹಿಗ್ಗಬೇಡಿ. ಸಿಸ್ಟಮ್ ಕಾಲ್ ಒಳಗೆ ನಡೆಯುವ ಕೆಲಸ ನಿಮ್ಮ ಲೆಕ್ಕದಲ್ಲಿ ಸೊನ್ನೆ. ಫೈಲ್ ಓದುವುದೇ ಮುಖ್ಯ ಕೆಲಸವಾಗಿರುವ ಪ್ರೋಗ್ರಾಂ ಇಲ್ಲಿ ರಾಕೆಟ್ ಥರ ಕಾಣುತ್ತದೆ.

—

ನಿಂಬೆಹುಳಿ ಬರೆದದ್ದು:

ತಾವೇ ಬರೆದ ಪ್ರೋಗ್ರಾಂ ತಾನೇ ಮೂರು ವಾರದ ಫೈಲ್ ನುಂಗಿದ್ದು? ಕಳ್ಳ ಬರಲಿ ಅಂತ ಅಲ್ಲ ಸರ್, ಮನೆಯ ಮಗುವೇ ರಸ್ತೆಗೆ ಓಡದಿರಲಿ ಅಂತಲೂ ಗೇಟ್ ಹಾಕುತ್ತೇವೆ. ಒಂದು ಖಾಲಿ ಡೈರೆಕ್ಟರಿ ಮಾಡಿ ಅದರೊಳಗೆ ಮಾತ್ರ ಬಿಡಿ, ಹತ್ತು ಸಾಲಿನ ಕೋಡ್.

—

ಬಯಲುಸೀಮೆ ಬರೆದದ್ದು:

ಸರಿ, ಇದಕ್ಕೆ ನನ್ನ ಬಳಿ ಉತ್ತರ ಇಲ್ಲ.

—

ಕೋಸಂಬರಿ ಬರೆದದ್ದು:

ಮೂರೂ ಮಾಡಿದೆ. ಡಿಸ್ಕ್ರಿಪ್ಟರ್ ಅರೇ, ಒಂದು ಪ್ರತ್ಯೇಕ ಡೈರೆಕ್ಟರಿ, ಸ್ಟಾಟ್ ಫೀಲ್ಡ್ ಫೀಲ್ಡಾಗಿ. ಈಗ ಪ್ರಿಂಟ್‌ಎಫ್ ಸಾಲು ಸಾಲಾಗಿ ಬರುತ್ತಿದೆ, ನೋಡೋಕೆ ಎಷ್ಟು ಖುಷಿ ಅಂದರೆ ಸುಮ್ನೆ ಹತ್ತು ಸಲ ಓಡಿಸಿದೆ.

ಉತ್ಸಾಹ ಜಾಸ್ತಿಯಾಗಿ ಲಿನಕ್ಸ್ ಟೂಲ್‌ಚೈನ್‌ನಿಂದ ಜಿಲಿಬ್‌ಸಿ (ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿ) ಸ್ಟ್ಯಾಟಿಕ್ ಲಿಂಕ್ ಮಾಡಿದ ಬೈನರಿ ಹಾಕಿ ನೋಡಿದೆ. ಮೇನ್‌ಗೆ ಬರುವ ಮೊದಲೇ ವಿಳಾಸ 0 ಓದಲು ಹೋಗಿ ಸತ್ತಿತು. ಅದಕ್ಕೂ ಮುಂಚೆ 258 ಅನ್ನುವ ಕಾಲ್ ಬಂತು ಅಂತ ನನ್ನ ಡಿಫಾಲ್ಟ್ ಸಾಲು ಹೇಳಿತು. ನಾನು -88 ಕೊಟ್ಟಿದ್ದೇನೆ. ಇದೇ ಕಾರಣವಾ?

—

ಹಳೇ_ಟರ್ಮಿನಲ್ ಬರೆದದ್ದು:

258 ನಿರಪರಾಧಿ. ಅದು ಹೊಸ ಜಿಲಿಬ್‌ಸಿ ಪ್ರೋಸೆಸರ್‌ನಲ್ಲಿ ಏನೇನು ಸೌಲಭ್ಯ ಇದೆ ಅಂತ ಕೇಳುವ ಕಾಲ್, ಇಲ್ಲ ಅಂದರೆ ಸುಮ್ಮನೆ ಮುಂದೆ ಹೋಗುತ್ತದೆ. ಆದರೆ ಈಗ ಗೆಸ್ಟ್ ಲಿನಕ್ಸ್‌ನವನು, -38 ಕೊಡಿ. ಓಪನ್ ಫ್ಲ್ಯಾಗ್‌ಗಳನ್ನೂ ಈ ಬೈನರಿಗೆ ಬದಲಿಸಬೇಡಿ, ಅವನ ಹೆಕ್ಸ್ 40 ಮತ್ತು ನಿಮ್ಮ ಹೋಸ್ಟ್‌ನ ಹೆಕ್ಸ್ 40 ಒಂದೇ. ಎರಡು ಪಟ್ಟಿ ಇಟ್ಟುಕೊಂಡು ಶುರುವಿನಲ್ಲಿ ಒಂದು ಆಪ್ಷನ್ ಕೊಡಿ.

ಸತ್ತದ್ದಕ್ಕೆ ಕಾರಣ ಸ್ಟ್ಯಾಕ್ ಇರಬೇಕು. ನ್ಯೂಲಿಬ್‌ಗೆ ಬರೀ ಒಂದು ಸ್ಟ್ಯಾಕ್ ಪಾಯಿಂಟರ್ ಕೊಟ್ಟರೆ ಸಾಕಾಗಿತ್ತು. ಜಿಲಿಬ್‌ಸಿಗೆ ಸ್ಟ್ಯಾಕ್ ಮೇಲೆ ಆರ್ಗ್ಯುಮೆಂಟ್ ಎಣಿಕೆ, ಆರ್ಗ್ಯುಮೆಂಟ್‌ಗಳು, ಎನ್ವಿರಾನ್ಮೆಂಟ್, ಅದರ ಮೇಲೆ ಆಕ್ಸಿಲರಿ ವೆಕ್ಟರ್ ಅಂತ ಜೋಡಿ ನಂಬರ್‌ಗಳ ಒಂದು ಸಾಲು ಬೇಕು. ಅದರಲ್ಲಿ 25ನೇ ಗುರುತಿನದು 16 ಯಾದೃಚ್ಛಿಕ ಬೈಟ್‌ಗಳ ವಿಳಾಸ. ಸ್ಟ್ಯಾಕ್ ಕಾವಲಿನ ಗುಟ್ಟಿನ ಸಂಖ್ಯೆಯನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತದೆ, ಇಲ್ಲದಿದ್ದರೆ 0ಯಿಂದ ಓದಲು ಹೋಗುತ್ತದೆ. 25 ಮತ್ತು ಪೇಜ್ ಸೈಜ್‌ನ 6, ಇವೆರಡನ್ನು ಮೊದಲು ತುಂಬಿಸಿ. ಆ 16 ಬೈಟ್‌ಗೆ ಹೋಸ್ಟ್‌ನಿಂದ ಏನೂ ತರಬೇಡಿ, ಯಾವುದಾದರೂ ಒಂದು ಬದಲಾಗದ ಸಂಖ್ಯೆ ಹಾಕಿ, ಬಯಲುಸೀಮೆಯವರೂ ಖುಷಿಯಾಗುತ್ತಾರೆ.

—

ಕೋಸಂಬರಿ ಬರೆದದ್ದು:

25 ಹಾಕಿದೆ, ಮೇನ್ ತಲುಪಿತು. ಈಗ 96, 99, 261 ಅಂತ ಸಾಲಾಗಿ ಬರುತ್ತಿವೆ, ಒಂದೊಂದಾಗಿ ಹುಡುಕುತ್ತಿದ್ದೇನೆ. ಆ ಡೈರೆಕ್ಟರಿಗೆ ಈ ಸಲ ಗಿಟ್ ಹಾಕಿದ್ದೇನೆ, ಅಕ್ಕನಿಗೂ ತೋರಿಸಿದೆ.